ಬೇಳೆ ಬೇಯದ ವರ್ಷ

ಕಳೆದ ತಿಂಗಳು ವಸಾಯಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಬ್ಯಾಂಕಿನಲ್ಲಿ ನನ್ನ ಜೊತೆ ಕೆಲಸ ಮಾಡಿದವಳೊಬ್ಬಳ ಮೊಮ್ಮಗಳ ಮದುವೆ. ಏಸಿ ಹಾಕಿದ ದೊಡ್ಡ ಹಾಲ್. ಊಟವಾದ ಮೇಲೆ ಕೈ ತೊಳೆಯಲು ಹೋದವಳು ದಾರಿ ತಪ್ಪಿ ಅಡುಗೆಮನೆಯ ಹಿಂಬಾಗಿಲಿನಿಂದ ಹೊರಗೆ ಬಂದುಬಿಟ್ಟೆ. ಉಂಡ ಬಾಳೆ ಎಲೆಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಗೋಡೆಗೆ ಒರಗಿಸಿದ್ದರು. ಒಂದು ಚೀಲದ ಬಾಯಿ ಬಿಚ್ಚಿಕೊಂಡಿತ್ತು. ಸಾರು, ಮಜ್ಜಿಗೆ, ಬಾಡಿದ ಎಲೆ ಎಲ್ಲ ಸೇರಿ ಹುಳಿಯಾಗತೊಡಗಿದ ವಾಸನೆ ಮೂಗಿಗೆ ಬಂತು. ಮೂಗು ಮುಚ್ಚಿಕೊಳ್ಳುವ ಬದಲು ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಇಷ್ಟು ಎಲೆ ಇವರು ಎಲ್ಲಿಗೆ ಒಯ್ಯುತ್ತಾರೋ ಎಂದು ಕೇಳಬೇಕೆನಿಸಿತು. ಯಾರನ್ನು ಕೇಳುವುದು? ಕೇಳುತ್ತಿದ್ದವರು ಈಗಿಲ್ಲ.

ಇದೇ ವಸಾಯಿಯಲ್ಲಿ, ಸ್ಟೇಷನ್ನಿನಿಂದ ಟಾಂಗಾದಲ್ಲಿ ಅರ್ಧ ಗಂಟೆಯ ದಾರಿಯಲ್ಲಿ, ನಮ್ಮದೊಂದು ತೋಟವಿತ್ತು. ಎಂಬತ್ತೊಂಬತ್ತರ ಮೇ ತಿಂಗಳಿಂದ ಮರುವರ್ಷದ ಮಳೆ ಹಿಡಿಯುವವರೆಗೆ, ಒಂದು ವರ್ಷದಲ್ಲಿ ಅದನ್ನು ಮಾರಿದೆವು.

ನನ್ನ ಗಂಡ ಶ್ರೀಕಂಠ ಮಂಡ್ಯದ ಕಡೆಯವರು. ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಹನ್ನೆರಡು ವರ್ಷ ದುಡಿದು, ಎಂಬತ್ತರಲ್ಲಿ ಒಂದು ಸಂಜೆ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಊರಿನ ಜಮೀನಿನಲ್ಲಿ ತಮ್ಮ ಪಾಲನ್ನು ಅಣ್ಣನಿಗೆ ಬಿಟ್ಟು, ಅದರಿಂದ ಬಂದುದರಲ್ಲಿ ವಸಾಯಿಯಲ್ಲಿ ಮೂರು ಎಕರೆ ಕೊಂಡರು. ಸರ್ಕಾರಿ ಗೊಬ್ಬರ ಬೇಡ, ಔಷಧ ಸಿಂಪಡಿಸುವುದು ಬೇಡ ಎನ್ನುವುದು ಇವರ ಹಟ. ಈಗ ಅದಕ್ಕೆ 'ಸಾವಯವ' ಎಂಬ ಹೆಸರಿದೆ. ಆಗ ಇದ್ದ ಹೆಸರು 'ಹುಚ್ಚು'. ಆ ಕಡೆಯ ನೆಲವೆಲ್ಲ ಮರಳು ಬೆರೆತದ್ದು, ನೀರು ಹಾಕಿದರೆ ಹಾಕಿದಂತೆಯೇ ಇಳಿದುಹೋಗುತ್ತಿತ್ತು. ಅದರ ಮೇಲೆ ಎಮ್ಮೆ ತಬೇಲಾದ ಸಗಣಿ, ಒಣ ಎಲೆ, ತರಕಾರಿ ಸಿಪ್ಪೆ ಕೊಳೆಸಿ ಕೊಳೆಸಿ ಹಾಕಿ, ಒಂಬತ್ತು ವರ್ಷದಲ್ಲಿ ಒಂದು ಗೇಣು ಕಪ್ಪು ಮಣ್ಣು ಮಾಡಿದ್ದರು.

ನಾನು ಮುಂಬಯಿಯ ಫೋರ್ಟಿನ ಬ್ಯಾಂಕೊಂದರಲ್ಲಿದ್ದೆ. ಮನೆ ಮಾಟುಂಗದಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ನಮಗೆ ಮಕ್ಕಳಿಲ್ಲ. ಇವರು ತೋಟದಲ್ಲೇ ಮಲಗುತ್ತಿದ್ದರು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ನಾನು ಚರ್ಚ್‌ಗೇಟ್‌ನಿಂದ ವಿರಾರ್ ಫಾಸ್ಟ್ ಲೋಕಲ್ ಹಿಡಿದು ವಸಾಯಿಗೆ ಹೋಗುವುದು, ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಬ್ಯಾಂಕಿಗೆ ಬರುವುದು. ಮಾಟುಂಗದಲ್ಲಿದ್ದಾಗ ತೋಟದ ಪಂಪು ಕೆಟ್ಟಿತೋ ಏನೋ ಎಂಬ ಯೋಚನೆ. ತೋಟದಲ್ಲಿದ್ದಾಗ ಮನೆಯ ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂಬ ಯೋಚನೆ. ಆ ಒಂಬತ್ತು ವರ್ಷ ನಾನು ಎಲ್ಲಿಯೂ ಸರಿಯಾಗಿ ಕೂತದ್ದೇ ನೆನಪಿಲ್ಲ.

ಬರೀ ತರಕಾರಿಯಿಂದ ತೋಟ ನಡೆಯುತ್ತಿರಲಿಲ್ಲ. ಎರಡನೆಯ ವರ್ಷ ಮಾಟುಂಗದ ಪರಿಚಿತರೊಬ್ಬರು ಮೊಮ್ಮಗುವಿನ ನಾಮಕರಣ ನಮ್ಮ ಮಾವಿನ ಮರಗಳ ಕೆಳಗೆ ಮಾಡುತ್ತೇವೆಂದು ಕೇಳಿಕೊಂಡರು. ಅಲ್ಲಿಂದ ಶುರು. ನಾಮಕರಣ, ಮುಂಜಿ, ಚಿಕ್ಕ ಮದುವೆ. ಒಂದು ಹೆಂಚಿನ ಚಪ್ಪರ ಕಟ್ಟಿಸಿದೆವು. ಹಗಲಿನ ಕಾರ್ಯಕ್ರಮ ಮಾತ್ರ; ಸಂಜೆಯ ಟಾಂಗಾ ಸಿಗುವಷ್ಟರಲ್ಲಿ ಎಲ್ಲರೂ ಹೊರಡಬೇಕು. ನಮ್ಮವರಿಗೆ ಬಾಡಿಗೆಗಿಂತ ಹೆಚ್ಚು ಆಸೆ ಎಲೆಗಳ ಮೇಲೆ. ಪಂಕ್ತಿ ಎದ್ದ ಕೂಡಲೇ ಎಲೆಗಳೆಲ್ಲ ಗುಂಡಿಗೆ. ಒಂದೊಂದು ಗುಂಡಿಗೂ ಆ ಮನೆಯವರ ಹೆಸರು. "ಇದು ಕುಲಕರ್ಣಿಯವರ ಮದುವೆ, ಚೆನ್ನಾಗಿ ಕಳಿತಾ ಇದೆ. ಆ ಕಡೆ ರಾಯರ ಮನೆ ಮುಂಜಿ, ಇನ್ನೂ ಹಸಿ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಆ ಮೇ ತಿಂಗಳ ಭಾನುವಾರ ಒಂದು ಮದುವೆ. ಅಡುಗೆಯ ಶೇಷಣ್ಣ ಉಡುಪಿ ಕಡೆಯವರು, ಮಾಟುಂಗದ ಹೋಟೆಲುಗಳಲ್ಲಿ ಪಳಗಿದ ಕೈ. ಹತ್ತು ಗಂಟೆಗೆ ಅವರು ಸೌಟು ಹಿಡಿದುಕೊಂಡೇ ನನ್ನನ್ನು ಹುಡುಕಿಕೊಂಡು ಬಂದರು.

"ಅಮ್ಮಾ, ಬೇಳೆ ಬೇಯುದಿಲ್ಲ ಮಾರಾಯ್ರೆ. ಎರಡು ಗಂಟೆ ಆಯ್ತು, ಕಲ್ಲಿನ ಹಾಗೆ ಉಂಟು."

"ಬೇಳೆ ಹಳೇದೇನೋ."

"ಬೇಳೆ ನಾನೇ ತಂದದ್ದು. ನೀರು ಕುಡಿದು ನೋಡಿ ಒಮ್ಮೆ."

ಕುಡಿದೆ. ಉಪ್ಪು ಎನ್ನುವಷ್ಟು ಉಪ್ಪಿಲ್ಲ, ನಾಲಗೆಯ ಹಿಂದೆ ಒಂದು ಸಪ್ಪೆ ಜಿಡ್ಡು. ಸವಳು ನೀರು. ನಮ್ಮ ತೋಟದ ಆಳು ಜಾನೂ ಚರ್ಚಿನ ಹಿಂದಿನ ಬಾವಿಯಿಂದ ಕೈಗಾಡಿಯಲ್ಲಿ ನೀರು ತಂದ. ಬೇಳೆ ಬೆಂದಿತು, ಊಟ ಒಂದೂವರೆ ಗಂಟೆ ತಡವಾಯಿತು, ಗಂಡಿನ ಕಡೆಯವರು ಮುಖ ಊದಿಸಿಕೊಂಡರು. ಇವರು ಮಾತ್ರ ಬಾವಿಯ ಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ.

ಕಾರಣ ನಮಗೆ ಗೊತ್ತಿತ್ತು. ಸ್ಟೇಷನ್ನಿನ ಸುತ್ತ ಹೊಸ ಬಿಲ್ಡಿಂಗ್‌ಗಳು ಏಳುತ್ತಿದ್ದವು. ಅವಕ್ಕೆಲ್ಲ ಟ್ಯಾಂಕರ್ ನೀರು. ನಮ್ಮ ಆಚೀಚೆಯ ತೋಟದವರು ಬೇಸಾಯ ಬಿಟ್ಟು ಬಾವಿಗೆ ದೊಡ್ಡ ಪಂಪು ಕೂರಿಸಿ ನೀರು ಮಾರುತ್ತಿದ್ದರು. ನೆಲದೊಳಗಿನ ಸಿಹಿನೀರು ಹೋದಷ್ಟೂ ಸಮುದ್ರ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಬಾವಿ ಮತ್ತೆ ಸಿಹಿಯಾಯಿತು. ಇವರು ಹಿಗ್ಗಿದರು. ನಾನು ಹಿಗ್ಗಲಿಲ್ಲ. ಗೌರಿ ಹಬ್ಬದ ದಿನ, ಅಕ್ಕಿ ಆರಿಸುತ್ತಾ ಹೇಳಿಯೇಬಿಟ್ಟೆ.

"ಮಾರ್ಬಿಡೋಣ ಕಣ್ರೀ."

ಇವರು ಮೊರದಿಂದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕೆ ಇಟ್ಟರು.

"ಬೇಸಿಗೆಗೆ ಮತ್ತೆ ಸವಳಾಗತ್ತೆ. ಸವಳು ನೀರಲ್ಲಿ ಏನು ಬೆಳೀತೀರಿ? ನನಗೂ ಸಾಕಾಗಿದೆ. ಒಂಬತ್ತು ವರ್ಷದಿಂದ ನಾನು ಶನಿವಾರದ ಹೆಂಡತಿ."

"ಸರಿ, ಮಾರೋಣ," ಎಂದರು. ಅಷ್ಟು ಬೇಗ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಜಗಳಕ್ಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದುವು.

ದೀಪಾವಳಿ ಕಳೆದ ಮೇಲೆ ಕೊಳ್ಳುವವರು ಬರತೊಡಗಿದರು. ಅವರಿಗೂ ಬಿಡುವು ಭಾನುವಾರವೇ, ನಮ್ಮ ಕಾರ್ಯಕ್ರಮಗಳೂ ಭಾನುವಾರವೇ. ಒಂದು ಕಡೆ ನಾದಸ್ವರ, ಇನ್ನೊಂದು ಕಡೆ ಟೇಪು ಹಿಡಿದು ಬೇಲಿ ಅಳೆಯುವವರು. ಜಮೀನು ನೋಡಲು ಬಂದ ಒಬ್ಬರನ್ನು ಹೆಣ್ಣಿನ ಸೋದರಮಾವ ಗಂಡಿನ ಕಡೆಯವರೆಂದು ತಿಳಿದು, ಕೈಹಿಡಿದು ಪಂಕ್ತಿಯಲ್ಲಿ ಕೂರಿಸಿದರು. ಅವರು ಎರಡು ಸಲ ಹೋಳಿಗೆ ಹಾಕಿಸಿಕೊಂಡು ಉಂಡು, ತಾಂಬೂಲ ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ. ಇನ್ನೊಬ್ಬರು ಎಲೆಗುಂಡಿಯ ಹತ್ತಿರ ಮೂಗಿಗೆ ಕರವಸ್ತ್ರ ಹಿಡಿದು, ಇದನ್ನು ಮುಚ್ಚಿಸಿಕೊಡಬೇಕು ಎಂದರು. ನಾನು ಅತಿಥಿಗಳಿಗೆ ಪಾನಕ ಕೊಡುತ್ತಲೇ ದಾರಿಯ ಕಡೆ ಕಣ್ಣಿಟ್ಟಿರುತ್ತಿದ್ದೆ. ಟಾಂಗಾದ ಗೆಜ್ಜೆ ಕೇಳಿದರೆ ಲೋಟ ಕೆಳಗಿಟ್ಟು ಬೇಲಿಯ ಕಡೆ ಹೊರಡುತ್ತಿದ್ದೆ.

ಡಾಕ್ಟರ್ ಸುಮಿತ್ರಾಬಾಯಿ ಮೊದಲು ಬಂದದ್ದು ಒಂದು ಮುಂಜಿಯ ಊಟಕ್ಕೆ. ಧಾರವಾಡದ ಕಡೆಯವರು, ಗ್ರಾಂಟ್ ರೋಡಿನಲ್ಲಿ ದವಾಖಾನೆ. ಊಟ ಮುಗಿಸಿ ಎಲ್ಲರೂ ಹರಟುತ್ತಿದ್ದಾಗ ಅವರೊಬ್ಬರೇ ಚಪ್ಪಲಿ ಬಿಟ್ಟು ಬದನೆ ಸಾಲುಗಳ ನಡುವೆ ಓಡಾಡಿದರು. ಇವರು ಹಿಂದೆಯೇ ಹೋಗಿ ಗುಂಡಿಗಳ ಪುರಾಣವನ್ನೆಲ್ಲ ಹೇಳಿದರು. ಡಾಕ್ಟರು ಒಂದು ಹಿಡಿ ಮಣ್ಣು ತೆಗೆದು ಮೂಸಿ ನೋಡಿ, ನನ್ನ ಕಡೆ ತಿರುಗಿದರು.

"ಇದನ್ನ ಮಾರ್ತೀರಂತ, ಖರೇನಾ?"

"ಹೌದು."

"ನನಗ ಕೊಡ್ರಿ. ಒಂದ ಗಿಡಾನೂ ಕಡಿಯಂಗಿಲ್ಲ. ಮದವಿ-ಮುಂಜಿವಿ ನಡೀಲಿ. ಆಪರೇಶನ್ ಆದವ್ರು ನಾಕ ದಿವ್ಸ ಬಂದು ಇರ್ಲಿಕ್ಕೆ ಎರಡ ಖೋಲಿ ಕಟ್ಟಸ್ತೇನಿ, ಅಷ್ಟ."

ಆಗ ನನ್ನವರ ಮುಖ ನೋಡಬೇಕಿತ್ತು. ಮಗಳಿಗೆ ಒಳ್ಳೆಯ ಮನೆ ಸಿಕ್ಕ ತಂದೆಯಂತೆ ಇದ್ದರು. ಡಾಕ್ಟರು ಡಿಸೆಂಬರಿನಲ್ಲಿ ಗಂಡನನ್ನು ಕರೆದುಕೊಂಡು ಬಂದರು, ಜನವರಿಯಲ್ಲಿ ಇಬ್ಬರು ಸ್ನೇಹಿತೆಯರನ್ನು. ಆ ವೇಳೆಗೆ ಬಾವಿಯ ನೀರು ಕೆಡಲು ಶುರುವಾಗಿತ್ತು. ಮೇ ತಿಂಗಳವರೆಗೂ ಕಾಯಲಿಲ್ಲ. ಪಾಲಕ್ ಸೊಪ್ಪಿನ ಅಂಚು ಕಂದಿತ್ತು.

ನಾನು ಮಾಡಿದ್ದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಡಾಕ್ಟರು ಬರುವ ಭಾನುವಾರಗಳಲ್ಲಿ, ಬೆಳಿಗ್ಗೆ ಬೇಗ, ಜಾನೂವಿನ ಹೆಂಡತಿ ಲಾಡಕಿಯನ್ನು ಚರ್ಚಿನ ಹಿಂದಿನ ಬಾವಿಗೆ ಕಳಿಸುತ್ತಿದ್ದೆ. ಅವಳು ಎರಡು ಹಂಡೆ ಸಿಹಿನೀರು ತಂದು ಅಡುಗೆಮನೆಯಲ್ಲಿ ಮುಚ್ಚಿಡುತ್ತಿದ್ದಳು. ಚಹಾ ಆ ನೀರಿನದು. ಕುಡಿಯಲು ಕೊಟ್ಟ ನೀರೂ ಅದೇ. ಇವರಿಗೆ ಹೇಳಿರಲಿಲ್ಲ.

"ಚಹಾ ಭಾಳ ಛಲೋ ಆಗೇದ ನೋಡ್ರಿ," ಎಂದರು ಡಾಕ್ಟರು ಜನವರಿಯಲ್ಲಿ, ಸ್ನೇಹಿತೆಯರ ಎದುರಿಗೆ. "ನೀರಿನ ಗುಣ ಇದು. ಬಾಂಬೇದಾಗ ಹಿಂಗ ಆಗಂಗಿಲ್ಲ."

ನಾನು ನಕ್ಕೆ. ಲಾಡಕಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅಷ್ಟು ಅರ್ಥವಾಗಿರಬೇಕು.

ಆ ದಿನಗಳಲ್ಲಿ ಬ್ಯಾಂಕಿನಲ್ಲಿ ಟೈಪು ಮಾಡುವಾಗ ಬೆರಳು ತಪ್ಪುತ್ತಿದ್ದವು. ಲೋಕಲ್‌ನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಮಾರುವವರೆಲ್ಲ ಇಷ್ಟನ್ನು ಮುಚ್ಚಿಟ್ಟೇ ಇಡುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಆ ಡಾಕ್ಟರು ಬರಿಗಾಲಲ್ಲಿ ಬದನೆ ಸಾಲಿನಲ್ಲಿ ನಡೆದದ್ದು ನೆನಪಾಗುತ್ತಿತ್ತು.

ಫೆಬ್ರುವರಿಯ ಒಂದು ಭಾನುವಾರ ಡಾಕ್ಟರೂ ಅವರ ಗಂಡನೂ ಮಾತು ಪಕ್ಕಾ ಮಾಡಲು ಬಂದರು. ಚಪ್ಪರದ ಕೆಳಗೆ ಕುರ್ಚಿ ಹಾಕಿದ್ದೆ. ಚಹಾದ ನೀರು ಒಲೆಯ ಮೇಲಿತ್ತು. ಆಗ ಇವರು ಬಾವಿಯ ಕಡೆಯಿಂದ ಒದ್ದೆ ಬಕೆಟ್ಟು ಹಿಡಿದು ಬಂದರು. ಸ್ಟೀಲ್ ಲೋಟಕ್ಕೆ ನೀರು ತುಂಬಿ ಡಾಕ್ಟರ ಮುಂದೆ ಇಟ್ಟರು.

"ಇದನ್ನ ಕುಡಿದು ನೋಡಿ ಡಾಕ್ಟ್ರೇ. ಆಮೇಲೆ ಮಾತಾಡೋಣ."

ಡಾಕ್ಟರು ಕುಡಿದರು. ಬಾಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು ನುಂಗಿದರು. ಗಂಡನಿಗೆ ಲೋಟ ದಾಟಿಸಿದರು. ಇವರು ಟ್ಯಾಂಕರ್ ವಿಷಯ, ಕಳೆದ ಮೇ ತಿಂಗಳ ಬೇಳೆಯ ವಿಷಯ, ಎಲ್ಲ ಹೇಳಿದರು. "ಮುಂದಿನ ವರ್ಷ ಇನ್ನೂ ಹೆಚ್ಚಾಗತ್ತೆ. ಈ ನೀರಲ್ಲಿ ನಿಮ್ಮ ರೋಗಿಗಳಿಗೆ ಒಂದು ಕಟ್ಟು ಸೊಪ್ಪೂ ಬೆಳೆಯಕ್ಕಾಗಲ್ಲ."

ಡಾಕ್ಟರು ನನ್ನ ಕಡೆ ನೋಡಿದರು. "ಸರೋಜಾಬಾಯಿ, ಹಂಗಾರ ಆವತ್ತಿನ ಚಹಾದ ನೀರು ಎಲ್ಲೀದು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಚರ್ಚಿನ ಹಿಂದಿನ ಬಾವಿಯದು," ಎಂದೆ. "ನಾನೇ ತರಿಸಿದ್ದು. ಇವರಿಗೆ ಗೊತ್ತಿರಲಿಲ್ಲ."

"ಇಪ್ಪತ್ತ ವರ್ಷ ಆತು ಡಾಕ್ಟರಕಿ ಮಾಡ್ಲಿಕ್ಕೆ ಹತ್ತಿ. ರೋಗ ಮುಚ್ಚಿಟ್ಟವ್ರನ್ನ ಭಾಳ ನೋಡೇನಿ. ನಿಮಗ ಬೈಯಂಗಿಲ್ಲ." ಎದ್ದು ಸೆರಗು ಸರಿಮಾಡಿಕೊಂಡರು. "ಆದ್ರ ಈ ತ್ವಾಟಾ ನಾ ತಗೊಳ್ಳಂಗಿಲ್ಲ."

ಹೋಗುವಾಗ ಇವರಿಗೆ ಎರಡೂ ಕೈ ಎತ್ತಿ ಮುಗಿದರು, ನನಗೆ ತಲೆ ಆಡಿಸಿದರು. ಒಂದೆರಡು ವರ್ಷದ ಮೇಲೆ ಅವರು ಕರ್ಜತ್ ಕಡೆ ತೋಟ ಕೊಂಡರು. ಕೊಳ್ಳುವ ಮುಂಚೆ ಇವರನ್ನು ಕರೆದೊಯ್ದು ಬಾವಿ ತೋರಿಸಿದ್ದರು. ನನ್ನನ್ನು ಕರೆಯಲಿಲ್ಲ.

ಟಾಂಗಾ ಮರೆಯಾದ ಮೇಲೆ ನಾನು ಇವರ ಮೇಲೆ ಹರಿಹಾಯ್ದೆ. "ಹೇಳೋದಿದ್ದರೆ ನನಗೆ ಮೊದಲು ಒಂದು ಮಾತು ಹೇಳಬಹುದಿತ್ತಲ್ಲ? ನಾಲ್ಕು ಜನರ ಮುಂದೆ ಮಾನ ಕಳೆದ್ರಿ."

"ಬೆಳಿಗ್ಗೆ ಲಾಡಕಿ ಹಂಡೆ ಹೊತ್ಕೊಂಡು ಬರ್ತಿದ್ಲು. ಯಾಕೆ ಅಂತ ಕೇಳ್ದೆ. 'ಬಾಯೀನ ಸಾಂಗಿತಲಾ' ಅಂದ್ಲು." ಅಮ್ಮನೇ ಹೇಳಿದ್ದು ಎಂದಿದ್ದಳು. ಇವರು ಬಕೆಟ್ಟಿನಲ್ಲಿ ಉಳಿದ ನೀರನ್ನು ತುಳಸಿಗೆ ಹಾಕಹೋದವರು, ಹಾಕದೆ, ದಾರಿಯ ಮೇಲೆ ಚೆಲ್ಲಿದರು. "ನೀನೂ ನನಗೆ ಮೊದಲು ಹೇಳಬಹುದಿತ್ತು, ಸರೋಜಾ."

ಮೂರು ಶನಿವಾರ ನಾನು ವಸಾಯಿಗೆ ಹೋಗಲಿಲ್ಲ. ಮಾಟುಂಗದ ಮನೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದೆ. ನಾಲ್ಕನೆಯ ವಾರ ಇವರೇ ಬ್ಯಾಂಕಿಗೆ ಫೋನು ಮಾಡಿದರು. ಬಿಲ್ಡರ್ ಒಬ್ಬ ಬಂದಿದ್ದಾನೆ, ಲಂಚ್ ಹೊತ್ತಿಗೆ ಫೋರ್ಟಿನ ವಕೀಲರ ಆಫೀಸಿಗೆ ಬಾ ಎಂದರು.

ಬಿಲ್ಡರ್ ಚಿಕ್ಕ ವಯಸ್ಸಿನವನು, ವಿನಯದಿಂದಲೇ ಮಾತಾಡಿದ. ಇವರು ಅವನಿಗೂ ನೀರಿನ ವಿಷಯ ಹೇಳಿದರು. ಅವನು ಕೈ ಆಡಿಸಿದ. "ಪಾನೀ ತೋ ಟ್ಯಾಂಕರ್ ಸೇ ಆಯೇಗಾ, ಸಾಬ್." ನೀರು ಟ್ಯಾಂಕರಿನಲ್ಲಿ ಬರುತ್ತದಂತೆ! ನಾನೂ ಇವರೂ ಒಬ್ಬರನ್ನೊಬ್ಬರು ನೋಡಿದೆವು. ಒಂದು ತಿಂಗಳ ಮೇಲೆ ಮೊದಲ ಸಲ.

ಎಲ್ಲ ಮಾತಾದ ಮೇಲೆ ಇವರು ಒಂದು ಷರತ್ತು ಹಾಕಿದರು. ಮೇ ತಿಂಗಳ ಕೊನೆಯವರೆಗೆ ಸಮಯ ಬೇಕು, ಮೇಲಿನ ಮಣ್ಣು ತಮಗೆ ಬೇಕು.

"ಮಿಟ್ಟೀ?" ಬಿಲ್ಡರಿಗೆ ತಾನು ಕೇಳಿಸಿಕೊಂಡದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. "ಮಿಟ್ಟೀ ಕಾ ಕ್ಯಾ ಕರೋಗೇ?" ಮಣ್ಣು ತೆಗೆದುಕೊಂಡು ಏನು ಮಾಡುತ್ತೀರಿ ಎಂದು.

"ಲೇಕೇ ಜಾವೂಂಗಾ," ಎಂದರು ಇವರು ತಮ್ಮ ಮಂಡ್ಯದ ಹಿಂದಿಯಲ್ಲಿ. ಒಯ್ಯುತ್ತೇನೆ. ವಕೀಲರು ನಗುತ್ತಾ ಕಾಗದದ ಅಂಚಿನಲ್ಲಿ ಅದನ್ನು ಕೈಯಲ್ಲೇ ಬರೆದರು.

ಎಲ್ಲಿಗೆ ಎನ್ನುವುದನ್ನು ಇವರು ಆಗಲೇ ಯೋಚಿಸಿಟ್ಟಿದ್ದರು. ಜಾನೂ, ಲಾಡಕಿಗೆ ರೈಲು ಹಳಿಯ ಪೂರ್ವಕ್ಕೆ, ಗುಡ್ಡದ ಬುಡದಲ್ಲಿ ಒಂದು ತುಂಡು ನೆಲವಿತ್ತು. ಬರೀ ಕಲ್ಲು. ಮಳೆಗಾಲದಲ್ಲಿ ಒಂದಿಷ್ಟು ನಾಚಣಿ ಬೆಳೆಯುತ್ತಿತ್ತು, ಅಂದರೆ ನಮ್ಮ ರಾಗಿ. ಸಮುದ್ರ ಅಲ್ಲಿಂದ ದೂರ, ಅವರ ಬಾವಿ ಸಿಹಿ. "ಈ ಮಣ್ಣು ಅರ್ಧ ಅವರೇ ಮಾಡಿದ್ದು. ಬಿಲ್ಡಿಂಗ್ ಕೆಳಗೆ ಯಾಕೆ ಹೋಗ್ಬೇಕು?" ಎಂದರು.

ಇವರು ಏಪ್ರಿಲ್‌ನಲ್ಲೇ ಕೂಲಿಯವರನ್ನು ಹಿಡಿದು ಕೆಲಸ ಶುರುಮಾಡಿದ್ದರು; ಮೇ ತಿಂಗಳಲ್ಲಿ ನಾನೂ ಹತ್ತು ದಿನ ರಜೆ ಹಾಕಿದೆ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಆ ಗುಂಡಿಗಳ ಹತ್ತಿರ ಮೂಗು ಮುಚ್ಚದೆ ನಿಂತವಳಲ್ಲ ನಾನು. ಹಳೆಯ ಸೀರೆ ಎತ್ತಿಕಟ್ಟಿ ಬುಟ್ಟಿಗೆ ಮಣ್ಣು ತುಂಬಿದೆ. ಜಾನೂ, ಇವರು ಗುದ್ದಲಿಯಲ್ಲಿ ಗೇಣು ಆಳ ಸವರಿ ತೆಗೆಯುವುದು, ನಾನೂ ಲಾಡಕಿಯೂ ಹೊತ್ತು ಲಾರಿಗೆ ಹಾಕುವುದು. ಮಣ್ಣಿನಲ್ಲಿ ಹಸಿರು ಬಳೆಯ ಚೂರುಗಳು ಸಿಕ್ಕವು, ಶೇಷಣ್ಣನವರು ಎರಡು ವರ್ಷದಿಂದ ಹುಡುಕುತ್ತಿದ್ದ ತುಪ್ಪದ ಮಿಳ್ಳೆಯೂ ಸಿಕ್ಕಿತು. ಮೊದಲ ದಿನ ನಾನು ಲಾಡಕಿಯ ಮುಖ ನೋಡದೆ ಕೆಲಸ ಮಾಡಿದೆ. ಎರಡನೆಯ ದಿನ ಅವಳೇ ನನ್ನ ತಲೆಯ ಮೇಲಿನ ಸಿಂಬಿ ಬಿಚ್ಚಿ ಸರಿಯಾಗಿ ಸುತ್ತಿ ಇಟ್ಟಳು. "ಅಸಂ ಘ್ಯಾ, ಬಾಯೀ. ಮಾನ ದುಖಣಾರ ನಾಯ." ಹೀಗೆ ಹೊತ್ತರೆ ಕತ್ತು ನೋಯುವುದಿಲ್ಲ ಎಂದು.

ನಡುಮಧ್ಯಾಹ್ನ ಮಾವಿನ ನೆರಳಿನಲ್ಲಿ ನಾಲ್ವರೂ ಕೂತು ರೊಟ್ಟಿ ತಿನ್ನುತ್ತಿದ್ದೆವು. ಆ ಮರಗಳನ್ನು ಒಯ್ಯುವಂತಿರಲಿಲ್ಲ. ಇವರು ಅವಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದರು.

ಕೊನೆಯ ಲಾರಿ ಹೋದ ಮರುದಿನ ಬಿಲ್ಡರಿನ ಸೂಪರ್‌ವೈಸರ್ ಬಂದ. ಬಿಜಾಪುರದ ಕಡೆಯವನು. ಜಾಗ ನೋಡಿ ಅವನಿಗೆ ದಿಗಿಲಾಯಿತು. ಮೂರು ಎಕರೆಯೂ ಹಳದಿ ಮರಳು, ಮಾವಿನ ಮರಗಳ ಬುಡದ ಮಣ್ಣಿಗಿಂತ ಒಂದು ಗೇಣು ತಗ್ಗು.

"ಏನ್ ಸಾಹೇಬ್ರ, ಹೊಲಾ ಪೂರಾ ಕೆರಕೊಂಡ್ ಹೋಗೀರಲ್ರೀ! ಇಷ್ಟ್ಯಾಕ ತಗದ್ರಿ?"

"ನಾವು ಹಾಕಿದ್ದಷ್ಟೇ ತೆಗೆದಿದೀವಿ ಕಣಪ್ಪ," ಎಂದರು ಇವರು. "ಬಂದಾಗ ಹೀಗೇ ಇತ್ತು."

ಅವನು ಸುತ್ತ ಒಮ್ಮೆ ನೋಡಿ, ಏನೂ ಬರೆದುಕೊಳ್ಳದೆ, ಬೀಗದಕೈ ತೆಗೆದುಕೊಂಡ.

ಇವರು ಮಾಟುಂಗಕ್ಕೆ ಬಂದರು. ನಾನು ಬಯಸಿದ್ದು ಅದನ್ನೇ. ಮೊದಲ ಮಳೆ ಬಿದ್ದ ವಾರ ನಾವಿಬ್ಬರೂ ಮೊದಲ ಸಲ ಸೋಮವಾರ, ಮಂಗಳವಾರ ಒಂದೇ ಮನೆಯಲ್ಲಿದ್ದೆವು. ಆ ಮನೆ ನನ್ನೊಬ್ಬಳಿಗೆ ಹೊಂದಿಕೊಂಡಿತ್ತು. ಇವರು ಏಳುವುದು ನಾಲ್ಕು ಗಂಟೆಗೆ. ಎದ್ದು ಏನು ಮಾಡಬೇಕೆಂದು ತೋಚದೆ ಗ್ಯಾಲರಿಯಲ್ಲಿ ನಿಲ್ಲುತ್ತಿದ್ದರು. ತರಕಾರಿ ತರಲು ಹೋದರೆ ಬರಿಗೈಯಲ್ಲಿ ಬರುತ್ತಿದ್ದರು. ಒಂದು ಬದನೆಯೂ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಸಂಜೆ ಸುಮ್ಮನೆ ತಿರುಗಾಡಿ ಬರುತ್ತೇನೆಂದು ಹೋದರೆ ಎರಡು ಮೂರು ಗಂಟೆ ಪತ್ತೆಯಿಲ್ಲ. ಎಲ್ಲಿಗೆ ಎಂದು ಕೇಳಿದರೆ "ಇಲ್ಲೇ" ಎನ್ನುತ್ತಿದ್ದರು.

ಜೂನ್ ಕೊನೆಯ ಶನಿವಾರ. ಬ್ಯಾಂಕು ಮುಗಿಸಿ ಮಳೆಯಲ್ಲಿ ಚರ್ಚ್‌ಗೇಟ್‌ಗೆ ಬಂದು ನಿಂತಿದ್ದ ಗಾಡಿ ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಾಟುಂಗಕ್ಕೆ ಇಳಿಯಬೇಕಾದ ದಾದರ್ ಬಂತು, ಹೋಯಿತು. ಏನೋ ಲೆಕ್ಕ ಹಾಕುತ್ತಿದ್ದೆ, ನಾಳೆ ಯಾರ ಮನೆಯ ಕಾರ್ಯಕ್ರಮ, ಶೇಷಣ್ಣ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು. ಬೊರಿವಲಿಯಲ್ಲಿ ಜನ ನುಗ್ಗಿದಾಗ ತಲೆಯೆತ್ತಿ ನೋಡಿದೆ. ವಸಾಯಿಗೆ ಹೋಗುವ ವಿರಾರ್ ಗಾಡಿ. ಜನರನ್ನು ತಳ್ಳಿಕೊಂಡು ಇಳಿದು, ಬ್ರಿಜ್ ದಾಟಿ, ಹಿಂದಿರುಗುವ ಸ್ಲೋ ಗಾಡಿಗೆ ಕಾಯುತ್ತಾ ನಿಂತೆ. ಕೊಡೆ ಗಾಡಿಯಲ್ಲೇ ಉಳಿದಿತ್ತು.

ಮನೆ ಮುಟ್ಟಿದಾಗ ಐದು ಗಂಟೆ ಕಳೆದಿತ್ತು. ಇವರು ಕಾಫಿಗೆ ಹಾಲು ಕಾಯಿಸುತ್ತಿದ್ದರು. ನನ್ನ ಒದ್ದೆ ಸೀರೆ ನೋಡಿದರು, ಗಡಿಯಾರ ನೋಡಿದರು. ಟವೆಲ್ಲು ತಂದು ಕೈಗೆ ಕೊಟ್ಟರು.

"ಎಲ್ಲೀವರೆಗೆ ಹೋದೆ?" ಎಂದು ಕೇಳಿದರು.

"ಬೊರಿವಲಿ."

ಹಾಲು ಉಕ್ಕಿ ಬರುವಷ್ಟರಲ್ಲಿ ಗ್ಯಾಸ್ ಸಣ್ಣ ಮಾಡಿದರು.

"ನಾನು ಮೊನ್ನೆ ನಾಯಗಾಂವ್‌ವರೆಗೆ ಹೋಗಿದ್ದೆ," ಎಂದರು. ನಾಯಗಾಂವ್ ಆದ ಮೇಲೆ ಬರುವುದೇ ವಸಾಯಿ.